ಅಪ್ಪನ ಎರಡನೆಯ ದನಿ

ಸಾತನೂರಿನ ಪಕ್ಕದ ನಮ್ಮೂರಿಗೆ ಜಲ್ಲಿ ಕ್ರಷರ್ ಬಂದಾಗ ಊರು ಉದ್ಧಾರವಾಗುತ್ತದೆ ಎಂದರು. ಉದ್ಧಾರ ಹಾಳಾಗಲಿ, ಅಲ್ಲಿ ಕೂಲಿಗೆ ಹೋದ ಅಪ್ಪನ ಎದೆಯೊಳಗೆಲ್ಲ ಕಲ್ಲಿನ ಧೂಳು ತುಂಬಿತು. ಗುಡ್ಡದಾಚೆಗೂ ಕೇಳುತ್ತಿದ್ದ ಅವನ ದನಿ ಒಡೆದು ಬರೀ ಗೊರಗೊರ ಉಳಿಯಿತು.

ಮೊದಮೊದಲು ಸಂಜೆ ಅವನು ಕರೆದರೆ ಮೇಯುತ್ತಿದ್ದ ಕುರಿಗಳು ತಲೆಯನ್ನೇ ಎತ್ತುತ್ತಿರಲಿಲ್ಲ. ಅವ್ವನೂ ಮಾತುಮಾತಿಗೆ "ಏನಂದೆ?" ಎನ್ನುತ್ತಿದ್ದಳು. ಬರಬರುತ್ತಾ ಎಲ್ಲರ ಕಿವಿಯೂ ಒಗ್ಗಿಕೊಂಡಿತು. ನೆಂಟರಿಗೆ ಬರೀ ಕೆಮ್ಮಿನಂತೆ ಕೇಳುತ್ತಿದ್ದದ್ದು ನಮಗೆ ಸ್ಪಷ್ಟ ಮಾತಾಗಿತ್ತು. ಆ ಕೂಗು ಎದ್ದರೆ ಸಾಕು, ಕುರಿಗಳು ರೊಪ್ಪಕ್ಕೆ ಬರುತ್ತಿದ್ದವು, ಅವ್ವ ಅವನಿಗೆಂದು ಚೊಂಬಿನಲ್ಲಿ ನೀರು ತರುತ್ತಿದ್ದಳು.

ಅಪ್ಪ ಸತ್ತ ಮೇಲೆ ಕುರಿ ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಬಂದಿರುವುದು ಅಪ್ಪನ ಹಳೆಯ ದನಿಯೇ ಎಂದು ಊರೆಲ್ಲ ಹೇಳುತ್ತಿತ್ತು. ಗಂಟಲು ಬಿಟ್ಟು ಕೂಗಿದೆ. ಒಂದು ಕುರಿಯೂ ತಿರುಗಿ ನೋಡಲಿಲ್ಲ. ಸಿಟ್ಟು ನೆತ್ತಿಗೇರಿತು. ಗಂಟಲು ಬಿಗಿಹಿಡಿದು, ಸಾಯುವ ಕಾಲದ ಅಪ್ಪನಂತೆ ಗೊರಗೊರನೆ ಕೂಗಿದೆ. ಮಂದೆ ದಡದಡನೆ ಓಡಿಬಂತು.

"ತಡಿ, ತತ್ತೀನಿ" ಎನ್ನುತ್ತಾ ಅವ್ವ ಚೊಂಬು ಹಿಡಿದು ಹೊರಗೆ ಬಂದಳು.

ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನೀರನ್ನು ಅಲ್ಲೇ ಚೆಲ್ಲಿದಳು.

"ಈ ಕುರಿಗಳ್ನೆಲ್ಲ ಮಾರಾಕ್ಬುಡು ಕಣ್ಲಾ" ಎಂದಳು.