ಅಭ್ಯಾಸಕ್ಕೆ ಕೊಟ್ಟ ಹೆಸರುಗಳು

"ಅಸಲಿ ಹೆಸರು ಕೊಟ್ರ ಹುಡುಗರಿಗಿ ಲಗೂ ತಿಳೀತದ್ರೀ ಮೇಡಂ" ಎಂದಿದ್ದರು ನಾನು ಕಲಿಸುತ್ತಿದ್ದ ಕಂಪ್ಯೂಟರ್ ಸೆಂಟರಿನ ಮಾಲೀಕರು. ಆ ಮಾತು ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಕೊನೆ. ಜೇವರ್ಗಿ ಕಾಲೋನಿಯ ಒಂದು ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್, ಕೆಳಗೆ ಅವರ ಭಾವನ ದವಾಖಾನೆ. ಅಲ್ಲಿನ ರೋಗಿಗಳ ರಿಜಿಸ್ಟರನ್ನೇ ಅಭ್ಯಾಸಕ್ಕೆಂದು ತಂದುಕೊಟ್ಟರು: ಹೆಸರು, ಊರು, ಕಾಯಿಲೆ. ಭಾವನ ಕೆಲಸ ಪುಕ್ಕಟೆ ಆಗುತ್ತಿತ್ತಲ್ಲ! ನಾನು ತಕರಾರು ಮಾಡಲಿಲ್ಲ. ಊರಿನ ಪ್ರಕಾರ ಹೆಸರುಗಳನ್ನು ಬೇರ್ಪಡಿಸುವ ಪ್ರೋಗ್ರಾಂ ಬರೆದು ಪ್ರಿಂಟ್ ತೆಗೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ.

ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿ ತನ್ನೂರಿನ ಪಟ್ಟಿಯನ್ನು ತೆಗೆದ. ಮೊದಲ ಪ್ರೋಗ್ರಾಂ ಓಡಿದ ಖುಷಿಗೆ ಹಾಳೆಯನ್ನು ಮನೆಗೆ ಒಯ್ದು ಅಪ್ಪನ ಹೋಟೆಲಿನ ಗೋಡೆಗೆ ಅಂಟಿಸಿದ. ಚಹಾ ಕುಡಿಯುವವರೆಲ್ಲ ಎದ್ದು ನಿಂತು ಓದಿದರು. ಅದರಲ್ಲಿ, ನನ್ನಲ್ಲೇ ಮಧ್ಯಾಹ್ನದ ಬ್ಯಾಚಿಗೆ ಬರುತ್ತಿದ್ದ ಅದೇ ಊರಿನ ಹುಡುಗಿಯ ತಾಯಿಯ ಹೆಸರಿತ್ತು. ಹೆಸರಿನ ಮುಂದೆ, ಟಿ.ಬಿ. ಆಕೆ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದರು. ಔಷಧ ಮುಗಿಸಿ ಗುಣವಾಗಿ ವರ್ಷ ದಾಟಿತ್ತು, ಆದರೆ ಅದಕ್ಕೊಂದು ಕಾಲಂ ಇರಲಿಲ್ಲ. ವಾರದೊಳಗೆ ಜನ ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನು ನಿಲ್ಲಿಸಿದರು. ಆಕೆಯನ್ನು ಕೆಲಸದಿಂದ ಬಿಡಿಸಿದರು.

ನಾನು ಮಾಲೀಕರ ಮೇಲೆ ಹರಿಹಾಯ್ದೆ. "ಮಂದಿ ಹೆಸರು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಮೊದಲ ದಿನಾನೇ ಕಲಿಸಬೇಕ್ರೀ!"

"ಅದು ಸಿಲೆಬಸ್‌ನಾಗ ಎಲ್ಲಿ ಅದ ಹೇಳ್ರಿ?" ಎಂದು ನಕ್ಕರು.

ರಿಜಿಸ್ಟರನ್ನು ಎತ್ತಿಕೊಂಡು ಕೆಳಗಿಳಿದು ಡಾಕ್ಟರ ಮೇಜಿನ ಮೇಲೆ ಕುಕ್ಕಿದೆ. ಆ ವಿದ್ಯಾರ್ಥಿಗೂ ಬಾಯಿಗೆ ಬಂದಂತೆ ಬೈದೆ. ಅವನು ಅತ್ತುಬಿಟ್ಟ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಹುಡುಗಿ ಕ್ಲಾಸಿಗೆ ಬರುವುದನ್ನೇ ಬಿಟ್ಟಳು. ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ, ಅವರ ಮನೆಗೆ ಹೋದೆ. "ಬರ್ರಿ ಮೇಡಂ, ಕುಂದರ್ರಿ" ಎಂದ ತಾಯಿ ನೀರು ಕೊಡಲು ತಂಬಿಗೆ ಎತ್ತಿದರು. ಏನು ಅನ್ನಿಸಿತೋ, ಕೊಡದೆ ಹಾಗೇ ಕೆಳಗಿಟ್ಟರು. ನನಗೆ ತಡೆಯಲಾಗಲಿಲ್ಲ. ಮಾಲೀಕರು, ಡಾಕ್ಟರು, ಆ ಹುಡುಗ, ಹೋಟೆಲಿನ ಜನ, ಒಬ್ಬರನ್ನೂ ಬಿಡದೆ ಬೈಯುತ್ತಾ ಕುಳಿತೆ.

ಹುಡುಗಿ ಒಳಗೆ ಹೋಗಿ, ಹೋಟೆಲಿನ ಗೋಡೆಯಿಂದ ಕಿತ್ತು ತಂದಿದ್ದ ಹಾಳೆಯನ್ನು ನನ್ನ ಮುಂದೆ ಹಿಡಿದಳು.

"ಎಲ್ಲಾರಿಗಿ ಬೈದ್ರಿ ಮೇಡಂ. ಈ ಅಕ್ಷರ ಯಾರದ್ದು ನೋಡ್ರಿ."

ಅವಳ ತಾಯಿಯ ಹೆಸರಿನ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ ನಾನು ಬರೆದಿದ್ದೆ: ತಪ್ಪೇನೂ ಇಲ್ಲ. ಹತ್ತಕ್ಕೆ ಹತ್ತು.