ಕುಡುಗೋಲು ತಾಗಬಾರದ ಹೊಲ

ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕಳೆವೈರಿ ಎಂದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತು. ಬೇರೆಯವರ ಬದುವಿನ ಮೇಲೆ ಹೋಗುವಾಗಲೂ ಒಂದು ಕಳೆ ಕಂಡರೆ ಬಗ್ಗಿ ಕಿತ್ತೇ ಮುಂದೆ ಹೋಗುವ ಹೆಂಗಸು. ಇಂಥವಳ ಪಾಲಿಗೆ ಸರ್ಕಾರದ ಯೋಜನೆ ಬಂದು ವಕ್ಕರಿಸಿತು.

ಗಂಡ ಸೊಂಟ ಮುರಿದುಕೊಂಡು ಮೂಲೆ ಸೇರಿದ್ದ. ಉಳುವವರಿಲ್ಲ. ಹಳ್ಳದ ಪಕ್ಕದ ಹೊಲವನ್ನು ಉಳದೆ, ಕೊಯ್ಯದೆ, ಮೇಯಿಸದೆ ಬಿಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಉಳಿಯುತ್ತವೆ ಎಂದು ಸರ್ಕಾರ ಹೊಲದ ಒಡೆಯರಿಗೆ ವರ್ಷಕ್ಕೊಮ್ಮೆ ಹಣ ಕೊಡುತ್ತಿತ್ತು. ಗಂಡ ಒಪ್ಪಿ ಸಹಿ ಹಾಕಿದ. ಹಣ ಬಂದರೆ ಹೊಲ ಉಳಿಯುತ್ತದೆ, ಬಾರದಿದ್ದರೆ ಮಾರಬೇಕು. ಕುಡುಗೋಲು ತಾಗಬಾರದೆಂದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಹುಲ್ಲು ಎದೆಯೆತ್ತರ ಬೆಳೆಯಿತು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ಅವಳ ಜೀವ ಹಿಡಿಯಷ್ಟಾಗುತ್ತಿತ್ತು. ಕಿಟಕಿಗೆ ಹಳೇ ಬಟ್ಟೆ ಕಟ್ಟಿದಳು. ಅದರಿಂದ ಅತ್ತೆಯ ಬಾಯಿ ಕಟ್ಟಿದಂತಾಯಿತೇ? “ನಮ್ಮ ಕಾಲದಲ್ಲಿ ಬೆಳೆ ಬೆಳೀತಿದ್ರು, ನನ್ನ ಸೊಸೆ ಕಳೆ ಬೆಳೆಸ್ತಾಳೆ,” ಎಂದು ಮುದುಕಿ ದಾರಿಹೋಕರಿಗೆಲ್ಲ ಹೇಳಿದಳು. ಯೋಜನೆಯ ವಿಷಯ ಎಷ್ಟು ಹೇಳಿದರೂ ಅವಳ ತಲೆಗೆ ಹೋಗುತ್ತಿರಲಿಲ್ಲ.

ಹೊಲ ನೋಡಲು ಅಧಿಕಾರಿ ಬರುತ್ತಾರೆಂದು ತಿಳಿದ ದಿನ, ಬಂದವರು ನಡೆದಾಡಲಿ ಎಂದು ಅಂಚಿನಲ್ಲಿ ಒಂದು ದಾರಿ ಸವರಲು ಹೋದಳು. ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು, ಆಣೆ ಮಾಡಿ ಹೇಳಬಹುದು. ಆದರೆ ದಾರಿಯ ಪಕ್ಕ ಒಂದು ಮುಳ್ಳುಪೊದೆ, ಅದರಾಚೆ ಇನ್ನೊಂದು. ಕೈ ಮಾತು ಕೇಳಲಿಲ್ಲ. ವರ್ಷದಿಂದ ಉಪವಾಸ ಬಿದ್ದ ಕೈ ಅದು. ಗುನುಗುತ್ತಲೇ ಕೊಯ್ದಳು, ಪಾಪಿ. ಬೆನ್ನು ನೆಟ್ಟಗೆ ಮಾಡಿ ತಿರುಗಿದಾಗ ಹಳ್ಳದವರೆಗೂ ನೆಲ ಬೋಳು. ಕಾಲ ಬಳಿ ಒಡೆದ ಮೊಟ್ಟೆಗಳು.

ಕೊಯ್ದ ಪೊದೆಗಳನ್ನೇ ಎತ್ತಿ ಮಣ್ಣಿಗೆ ಸಿಕ್ಕಿಸತೊಡಗಿದಳು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಮಗುಚಿತು. ಮುಳ್ಳು ಸೀಳಿ ಬೆರಳೆಲ್ಲ ರಕ್ತ. ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟಳು. ಕಳೆವೈರಿಗೆ ಮಗಳಾಗುವ ವಯಸ್ಸಿನ ಹುಡುಗಿ. ಗಂಡ ಕೋಲೂರಿಕೊಂಡು ಬಂದ, ಹಿಂದೆ ಅತ್ತೆ.

“ನೀವೇ ಕೊಯ್ದಿದ್ರೆ ಒಪ್ಪಂದ ಇಲ್ಲಿಗೆ ಮುಗೀತು,” ಎಂದಳು ಹುಡುಗಿ ಮೆಲ್ಲಗೆ. ರಕ್ತದ ಬೆರಳುಗಳತ್ತ ಬೇಕೆಂದೇ ನೋಡಲಿಲ್ಲ. “ಬೇರೆ ಯಾರೋ ನುಗ್ಗಿ ಹಾಳು ಮಾಡಿದ್ರೆ ಇನ್ನೊಂದು ಅವಕಾಶ ಕೊಡಬಹುದು. ಯಾರು ಅಂತ ನೋಡಿದ್ರಾ?”

“ಇಲ್ಲ ಮೇಡಂ, ಯಾರೋ ಏನೋ,” ಎಂದ ಗಂಡ. “ನಾವು ನೋಡೋ ಹೊತ್ತಿಗೆ ಹೀಗಿತ್ತು.”

ಹುಡುಗಿ ಬರೆದುಕೊಳ್ಳಲು ಪೆನ್ನು ತೆಗೆದಳು. ಕಳೆವೈರಿ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅತ್ತೆ ಬೋಳು ನೆಲವನ್ನೇ ನೋಡುತ್ತಿದ್ದಳು. ಇಂಥ ಕೆಲಸವನ್ನು ಯಾರೋ ಪುಂಡರ ಹೆಸರಿಗೆ ಬಿಟ್ಟುಕೊಡಲು ಅವಳ ಮನಸ್ಸು ಒಪ್ಪಲಿಲ್ಲ.

“ಯಾರೋ ಅಲ್ಲ ಕಣಮ್ಮ,” ಎಂದಳು ಎದೆಯುಬ್ಬಿಸಿ. “ಒಂದು ಕಡ್ಡಿ ಬಿಡದ ಹಾಗೆ ಕೊಯ್ಯೋಕೆ ಇನ್ಯಾರಿಗೆ ಬರುತ್ತೆ? ನನ್ನ ಸೊಸೆ ಕೊಯ್ದದ್ದು. ಬೆಳಗಿಂದ ಬಾಗಿಲಲ್ಲಿ ಕೂತು ನೋಡ್ತಾನೇ ಇದ್ದೆ. ಚಿನ್ನದಂಥ ಕೈ.”

ಹುಡುಗಿ ತಲೆ ತಗ್ಗಿಸಿ ಬರೆಯತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತಿಗೆ ಹಾತೊರೆದವಳು, ಅದನ್ನು ಕೇಳಿಸಿಕೊಂಡು ನೆಲದ ಮೇಲೆ ಕುಸಿದು ಕೂತಳು. ಮುದುಕಿ ಅವಳ ತಲೆ ಸವರಿ, “ಪಾಪ, ದಣಿದಿದ್ದಾಳೆ,” ಎಂದಳು.