ತೊಡೆ ಏರುವ ಬೆಕ್ಕು

ಮಗಳು ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಹೂಂ ಅನ್ನುವವರೂ ಇಲ್ಲದಂತಾಯಿತು. ಯಜಮಾನರು ಸಿಯಾಲ್ದಾದ ರೈಲ್ವೆ ಕಚೇರಿಯಿಂದ ಬಂದರೆಂದರೆ ಪೇಪರಿನ ಹಿಂದೆ ಮಾಯ. ಈ ಬಂಗಾಳಿಗಳ ಊರಿನಲ್ಲಿ, ಟಾಲಿಗಂಜಿನ ಫ್ಲಾಟಿನಲ್ಲಿ ಮಧ್ಯಾಹ್ನವೆಲ್ಲ ಗೋಡೆ ನೋಡಿ ನೋಡಿ ತಲೆ ಕೆಟ್ಟು, ಬೆಕ್ಕು ಸಾಕುತ್ತೇನೆಂದೆ. ಚೆಂದದ ಬೆಕ್ಕು ಬೇಕಿಲ್ಲ, ಇಲಿ ಹಿಡಿಯುವುದೂ ಬೇಕಿಲ್ಲ. ತೊಡೆಯ ಮೇಲೆ ಕೂರುವ ಬೆಕ್ಕು ಬೇಕು.

ಮಗಳು ಆಫೀಸಿನ ಇಂಟರ್ನೆಟ್ಟಿನಲ್ಲಿ ಬೆಕ್ಕುಗಳ ಕುಲಗೋತ್ರವನ್ನೆಲ್ಲ ಜಾಲಾಡಿದಳು. ಸಯಾಮಿ ಬಾಯಿಬಡುಕಿಯಂತೆ, ಅದಕ್ಕೆ ನಾನೇ ಇದ್ದೇನಲ್ಲ. ಪರ್ಷಿಯನ್ ಕೂತಲ್ಲಿ ಕೂರುವ ಸಾಧುವಂತೆ. ಸರಿ, ಜಾದವ್‌ಪುರದಲ್ಲಿ ಪರ್ಷಿಯನ್ ಮರಿ ಮಾರುವವರ ಮನೆಗೆ ಹೋದೆವು. ಕನ್ಯೆ ನೋಡಲು ಬಂದವಳ ಗತ್ತಿನಲ್ಲಿ ಸೋಫಾದ ಮೇಲೆ ಕೂತು ಒಂದೊಂದನ್ನೇ ತೊಡೆಗೆ ಹಾಕಿಸಿಕೊಂಡೆ. ಮೊದಲನೆಯದು ಸೀರೆಯ ನೆರಿಗೆ ಪರಚಿ ಓಡಿತು. ಎರಡನೆಯದು ಮೂಸಿ ಮುಖ ತಿರುವಿತು, ದೊಡ್ಡ ಮಹಾರಾಣಿ! ಮೂರನೆಯದು, ಬಿಳಿಯದು, ಸುತ್ತು ಹಾಕಿ ಮುದುಡಿ ಮಲಗಿಯೇಬಿಟ್ಟಿತು. ನನಗೆ ಅಳು ಬಂತು, ಮಗಳಿಗೆ ನಾಚಿಕೆಯಾಯಿತು. ಸಂಬಂಧ ಕುದುರಿತು.

ಊಟ ಏನು ಅಂತ ಮಾತ್ರ ಕೇಳಿರಲಿಲ್ಲ. ನಮ್ಮದು ಧಾರವಾಡದ ಕಟ್ಟಾ ಸಸ್ಯಾಹಾರಿ ಮನೆ. ಮೊಟ್ಟೆ ಸಹ ಹೊಸ್ತಿಲು ದಾಟಿಲ್ಲ. ಹಾಲನ್ನ ಇಟ್ಟೆ, ಮೊಸರನ್ನ ಇಟ್ಟೆ, ತುಪ್ಪ ಸುರಿದೆ. ಮುಟ್ಟಲಿಲ್ಲ. ಪಕ್ಕದ ಫ್ಲಾಟಿನ ಬಂಗಾಳಿ ಅಜ್ಜಿ ಕನಿಕರಪಟ್ಟು, ಅದು ನಮ್ಮಲ್ಲಿ ಮೀನು ತಿನ್ನಲಿ, ನಿಮ್ಮಲ್ಲಿ ಕೂರಲಿ ಎಂದು ಒಪ್ಪಂದ ಮಾಡಿದಳು. ವಾರದೊಳಗೆ ಅದು ತಿಂದಲ್ಲೇ ಕೂರತೊಡಗಿತು. ಇಣುಕಿದರೆ ಅಜ್ಜಿ ಟಿವಿ ಮುಂದೆ, ನನ್ನ ಬೆಕ್ಕು ಅವಳ ತೊಡೆಯ ಮೇಲೆ. ಹೊಟ್ಟೆಗೆ ಬೆಂಕಿ ಬಿತ್ತು. ಆರಿಸಿ ತಂದವಳು ನಾನು! ಹೀಗೇ ಬಿಟ್ಟರೆ ಬೆಕ್ಕು ಕೈತಪ್ಪಿದಂತೆಯೇ.

ಮರುದಿನ ಮೂಗಿಗೆ ಸೆರಗು ಹಿಡಿದು ಬಜಾರಿಗೆ ಹೋದೆ. ಮೀನಿನವನ ಎದುರು ಕಣ್ಣು ಮುಚ್ಚಿ ನಿಂತು, ಯಾವುದಾದರೊಂದು ಕೊಡಪ್ಪಾ ಎಂದೆ. ದೇವರ ಕೋಣೆಯ ಬಾಗಿಲು ಎಳೆದು, ಬಾಲ್ಕನಿಯಲ್ಲಿ ಹಳೆಯ ಸ್ಟೋವ್ ಹಚ್ಚಿ ಬೇಯಿಸಿದೆ. ಅಜ್ಜಿಯ ಮನೆಯಿಂದ ವಾಸನೆ ಹಿಡಿದು ಓಡಿಬಂದ ಬೆಕ್ಕು ತಟ್ಟೆ ನೆಕ್ಕಿ, ಮುಖ ಒರೆಸಿಕೊಂಡು, ನೆಟ್ಟಗೆ ಬಂದು ನನ್ನ ತೊಡೆ ಏರಿತು. ಮೂಗಿಗೆ ಸೆರಗು ಒತ್ತಿಕೊಂಡೇ ಅದರ ಬೆನ್ನು ಸವರಿದೆ, ಎಂಥ ಖುಷಿ ಅಂತೀರಿ.

ಸಂಜೆ ಯಜಮಾನರು ಬಂದು ಮೂಗು ಅರಳಿಸಿದರು. ಬಾಲ್ಕನಿ ನೋಡಿದರು, ಸ್ಟೋವ್ ನೋಡಿದರು, ನನ್ನನ್ನು ನೋಡಿದರು. ಇನ್ನು ರಾದ್ಧಾಂತವೇ ಅಂದುಕೊಂಡೆ. ಅವರು ಚಹಾ ಕೇಳಿದರು.

"ಬೆಕ್ಕ ಮಲಕೊಂಡೈತ್ರಿ, ನಾ ಏಳಂಗಿಲ್ಲ," ಅಂದೆ. "ಚಾಪುಡಿ ಎಡಗಡೆ ಡಬ್ಬಿದಾಗ ಐತಿ."

ಅಡಿಗೆಮನೆಯಲ್ಲಿ ಬಹಳ ಹೊತ್ತು ಡಬ್ಬಿಗಳ ಸದ್ದಾಯಿತು. ಆಮೇಲೆ ಬಾಗಿಲಲ್ಲಿ ತಲೆ ಹಾಕಿ, ಮದುವೆಯಾದ ಮೇಲೆ ಮೊದಲ ಸಲ ಕೇಳಿದರು: "ನಿನಗೂ ಒಂದ ಕಪ್ ಮಾಡ್ಲೇನು?"

ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಪೂರ್ತಿ ಕುಡಿದೆ.